ಮುಟ್ಟು ನಿಲ್ಲುವ ಮುಂಚಿನ ವರ್ಷಗಳು: ಊರಿನ ಕ್ರಮ, ಇಂಗ್ಲೆಂಡಿನ ಕ್ರಮ

ಮುಟ್ಟು ಪೂರ್ತಿ ನಿಲ್ಲುವುದಕ್ಕೆ ಮುಂಚಿನ ನಾಲ್ಕಾರು ವರ್ಷಗಳಲ್ಲಿ ಹೆಂಗಸರ ಮೈಯಲ್ಲಿ ಆಗುವ ಏರುಪೇರಿಗೆ ನಮ್ಮ ಮಂಗಳೂರು, ಉಡುಪಿಯ ಕಡೆ ಎರಡೇ ಉತ್ತರಗಳು ಚಾಲ್ತಿಯಲ್ಲಿವೆ. "ಎಂತ ಮಾಡುವುದು, ಈ ಪ್ರಾಯದಲ್ಲಿ ಎಲ್ಲರಿಗೂ ಹಾಗೆಯೇ" ಎಂಬ ಸಮಾಧಾನ ಮೊದಲನೆಯದು. "ಮಕ್ಕಳೆಲ್ಲ ದೊಡ್ಡವರಾದರಲ್ಲ, ಇನ್ನು ಗರ್ಭಕೋಶ ಇದ್ದು ಎಂತ ಪ್ರಯೋಜನ, ತೆಗೆಸಿಬಿಡು" ಎಂಬ ತೀರ್ಮಾನ ಎರಡನೆಯದು. ಉಡುಪಿಯಲ್ಲಿ ಹುಟ್ಟಿ, ಮಂಗಳೂರಿನ ಮನೆಗೆ ಮದುವೆಯಾಗಿ ಬಂದು, ಈಗ ಬಹಳ ವರ್ಷಗಳಿಂದ ಇಂಗ್ಲೆಂಡಿನ ಲೆಸ್ಟರ್‌ನಲ್ಲಿರುವ ನಾನು, ಉಡುಪಿಯ ನನ್ನ ಅಕ್ಕ ಮತ್ತು ಸುರತ್ಕಲ್ಲಿನ ಅತ್ತಿಗೆ, ಮೂವರೂ ಹೆಚ್ಚುಕಡಿಮೆ ಒಂದೇ ಕಾಲಕ್ಕೆ ಈ ಹಂತಕ್ಕೆ ಬಂದುದರಿಂದ ಎರಡೂ ಕಡೆಯ ಕ್ರಮಗಳನ್ನು ಹೋಲಿಸಿ ನೋಡುವಂತಾಯಿತು. ಊರಿನ ಆ ಎರಡು ಉತ್ತರಗಳ ನಡುವೆ ಮಾಡಬಹುದಾದದ್ದು ಬಹಳಷ್ಟಿದೆ ಎಂಬುದೇ ನನ್ನ ವಾದ.

ಮೊದಲು ಪ್ರಾಯದ ಲೆಕ್ಕ. ಇಂಗ್ಲೆಂಡಿನಲ್ಲಿ ಮುಟ್ಟು ನಿಲ್ಲುವ ಸರಾಸರಿ ವಯಸ್ಸು 51. ಭಾರತದಲ್ಲಿ ಅದು 46-47ರ ಆಸುಪಾಸು. ಏರುಪೇರು ಅದಕ್ಕಿಂತ ಹಲವು ವರ್ಷ ಮೊದಲೇ ಶುರುವಾಗುವುದರಿಂದ, ನಲವತ್ತೊಂದೋ ನಲವತ್ತೆರಡೋ ಆದ ಮಂಗಳೂರಿನ ಹೆಂಗಸೊಬ್ಬಳು ನಿದ್ದೆ ಬಾರದೆ, ಸಣ್ಣ ಮಾತಿಗೂ ಸಿಡುಕುತ್ತಾ, ಎದೆ ಡವಡವ ಎಂದಾಗ ಹೃದಯದ ಡಾಕ್ಟರನ್ನು ಹುಡುಕಿಕೊಂಡು ಹೋಗುತ್ತಾಳೆಯೇ ಹೊರತು, ಇದು ಅಂಡಾಶಯದ ಕೆಲಸವಿರಬಹುದೆಂದು ಆಕೆಗೂ ಹೊಳೆಯುವುದಿಲ್ಲ, ಮನೆಯವರಿಗೂ ಹೊಳೆಯುವುದಿಲ್ಲ. ಈ ಹಂತದಲ್ಲಿ ಅಂಡಾಶಯದಿಂದ ಬರುವ ಈಸ್ಟ್ರೋಜನ್ ಎಂಬ ಹಾರ್ಮೋನು ಒಂದೇ ಸಮನೆ ಇಳಿದುಹೋಗುವುದಿಲ್ಲ. ಒಂದು ತಿಂಗಳು ವಿಪರೀತ ಏರಿ, ಮರುತಿಂಗಳು ಕುಸಿಯುತ್ತದೆ. ಅಂಡ ಬಿಡುಗಡೆಯಾಗದ ತಿಂಗಳುಗಳಲ್ಲಿ ಪ್ರೊಜೆಸ್ಟರಾನ್ ಎಂಬ ಇನ್ನೊಂದು ಹಾರ್ಮೋನು ಸಾಲದೆ ಗರ್ಭಕೋಶದ ಒಳಪದರ ದಪ್ಪವಾಗಿ, ಮುಂದೆ ಅತಿಯಾಗಿ ರಕ್ತ ಹೋಗುತ್ತದೆ. ಒಂದು ದಿನದ ರಕ್ತಪರೀಕ್ಷೆಯಲ್ಲಿ ಹಾರ್ಮೋನು "ನಾರ್ಮಲ್" ಎಂದು ಬಂದರೆ ಅದಕ್ಕೆ ಹೆಚ್ಚಿನ ಅರ್ಥವಿಲ್ಲದಿರುವುದು ಇದೇ ಕಾರಣಕ್ಕೆ.

ಕರಾವಳಿಯ ಹವೆ ಇನ್ನೊಂದು ತೊಡಕು. ಚಳಿಗಾಲದ ಲೆಸ್ಟರ್‌ನಲ್ಲಿ ಮೈ ಬಿಸಿಯಾಗಿ ನಾನು ಕಿಟಕಿ ತೆರೆದರೆ ಪಕ್ಕದಲ್ಲಿದ್ದವರಿಗೆ ಕೂಡಲೇ ವಿಷಯ ಗೊತ್ತಾಗುತ್ತದೆ. ಮೇ ತಿಂಗಳ ಸುರತ್ಕಲ್ಲಿನಲ್ಲಿ ಅತ್ತಿಗೆ ಬೆವರಿದರೆ ಊರೇ ಬೆವರುತ್ತಿರುತ್ತದೆ. ಅದರಲ್ಲಿ ಸೆಕೆ ಯಾವುದು, ಹಾರ್ಮೋನಿನ ಝಳ ಯಾವುದು ಎಂದು ವಿಂಗಡಿಸುವವರಾರು? ವ್ಯತ್ಯಾಸವೇನೋ ಇದೆ. ಸೆಕೆ ಫ್ಯಾನಿನಡಿ ಕುಳಿತರೆ ನಿಧಾನಕ್ಕೆ ಇಳಿಯುತ್ತದೆ. ಝಳವಾದರೆ ಎದೆಯಿಂದ ಕುತ್ತಿಗೆಗೆ, ಅಲ್ಲಿಂದ ಮುಖಕ್ಕೆ ತಟ್ಟನೆ ಏರಿ, ಎದೆಬಡಿತ ಹೆಚ್ಚಿಸಿ, ಕೆಲವೇ ನಿಮಿಷಗಳಲ್ಲಿ ಇಳಿದು, ಹಿಂದೆಯೇ ಚಳಿ ಹುಟ್ಟಿಸಿ ಹೋಗುತ್ತದೆ. ರಾತ್ರಿ ಮೂರು ಗಂಟೆಗೆ ಫ್ಯಾನನ್ನು ಐದರಲ್ಲಿಟ್ಟು, ಹತ್ತು ನಿಮಿಷ ಕಳೆಯುವುದರೊಳಗೆ ಅದನ್ನು ಆರಿಸಿ ಹೊದಿಕೆ ಎಳೆದುಕೊಳ್ಳುತ್ತಿದ್ದ ಅತ್ತಿಗೆಯನ್ನು ಕಂಡು, ಇದು ಬರೀ ಸೆಕೆಯಲ್ಲ ಎಂದು ಮೊದಲು ಹೇಳಿದವಳು ಅವರ ಮಗಳು.

ಇಂಗ್ಲೆಂಡಿನ ಕ್ರಮದಲ್ಲಿ ನನಗೆ ಮೆಚ್ಚುಗೆಯಾದದ್ದು ಬರವಣಿಗೆಯಲ್ಲಿರುವ ಸ್ಪಷ್ಟತೆ. ಚಿಕಿತ್ಸೆ ಹೇಗಿರಬೇಕೆಂದು ಡಾಕ್ಟರುಗಳಿಗೆ ಮಾರ್ಗಸೂಚಿ ಕೊಡುವ ಅಲ್ಲಿನ ನೈಸ್ (NICE) ಸಂಸ್ಥೆ 2015ರಲ್ಲಿ ಹೊರಡಿಸಿ 2024ರಲ್ಲಿ ಪರಿಷ್ಕರಿಸಿದ ಮಾರ್ಗಸೂಚಿಯ ಪ್ರಕಾರ, 45 ದಾಟಿದ ಹೆಂಗಸಿಗೆ ಮುಟ್ಟಿನ ಕ್ರಮ ತಪ್ಪಿ ಝಳವೂ ಇದ್ದರೆ ಹಾರ್ಮೋನು ಪರೀಕ್ಷೆ ಮಾಡಿಸದೆ, ಲಕ್ಷಣಗಳ ಮೇಲೆಯೇ ನಿರ್ಣಯಕ್ಕೆ ಬರಬಹುದು. ಕಡಿಮೆಯಾದ ಹಾರ್ಮೋನನ್ನು ಹೊರಗಿನಿಂದ ಕೊಡುವ ಹಾರ್ಮೋನು ಚಿಕಿತ್ಸೆಯ ಮದ್ದುಗಳಿಗೆ ವರ್ಷಕ್ಕೊಮ್ಮೆ ಮಾತ್ರ ಸಣ್ಣ ಮೊತ್ತ ಕಟ್ಟಿದರೆ ಸಾಕೆಂಬ ವ್ಯವಸ್ಥೆಯೂ 2023ರ ಏಪ್ರಿಲ್‌ನಿಂದ ಇದೆ. ಇದನ್ನೆಲ್ಲ ಕೇಳಿ ಊರಿನವರು ಅಲ್ಲಿ ಸ್ವರ್ಗವಿದೆಯೆಂದು ಭಾವಿಸಬಾರದು. ಡಾಕ್ಟರ ಭೇಟಿಗೆ ವಾರಗಟ್ಟಲೆ ಕಾಯಬೇಕು. ಸಿಕ್ಕಿದ ಮೇಲೆ ಹತ್ತು ನಿಮಿಷದಲ್ಲಿ ನಿದ್ದೆ, ಬೆವರು, ಮಂಡಿನೋವು, ಮರೆವು ಎಲ್ಲವನ್ನೂ ಹೇಳಿ ಮುಗಿಸಬೇಕು. ಸರಕಾರಿ ವ್ಯವಸ್ಥೆಯಲ್ಲಿ ಸ್ತ್ರೀರೋಗ ತಜ್ಞರ ಬಳಿ ನೇರವಾಗಿ ಹೋಗುವ ಮಾತೇ ಇಲ್ಲ.

ಮಂಗಳೂರಿನಲ್ಲಾದರೆ ಬೆಳಿಗ್ಗೆ ಮನಸ್ಸು ಮಾಡಿದರೆ ಸಂಜೆಯೊಳಗೆ ತಜ್ಞರನ್ನು ಕಂಡು, ಸ್ಕ್ಯಾನ್ ಮಾಡಿಸಿ, ವರದಿ ಹಿಡಿದು ಮನೆಗೆ ಬರಬಹುದು. ವೈದ್ಯಕೀಯ ಕಾಲೇಜುಗಳು ಇಷ್ಟು ಒತ್ತಾಗಿರುವ ಊರುಗಳು ದೇಶದಲ್ಲಿ ಕಡಿಮೆ. ಸರಕಾರಿ ಕಡೆಯಲ್ಲಿ ಲೇಡಿಗೋಷನ್ ಆಸ್ಪತ್ರೆಯೂ ಇದೆ. ಆದರೆ ಸ್ಕ್ಯಾನ್ ಸುಲಭವಾದಷ್ಟೂ ಮಾತು ಕಡಿಮೆಯಾಗಿದೆ. ಅಕ್ಕನ ಸ್ಕ್ಯಾನಿನಲ್ಲಿ ಸಣ್ಣದೊಂದು ಗಡ್ಡೆ, ಅಂದರೆ ಫೈಬ್ರಾಯ್ಡ್, ಕಂಡಿತು. ಈ ವಯಸ್ಸಿನ ಬಹಳ ಹೆಂಗಸರಲ್ಲಿ ಅದು ಇರುತ್ತದೆ. ಒಂದು ಆಸ್ಪತ್ರೆಯಲ್ಲಿ ಡಾಕ್ಟರು ವರದಿ ನೋಡಿ, ಅಕ್ಕನ ಮುಖ ನೋಡದೆ, ಜೊತೆಗೆ ಹೋಗಿದ್ದ ಭಾವನ ಬಳಿ "ಆಪರೇಷನ್‌ಗೆ ಯಾವಾಗ ಅನುಕೂಲ?" ಎಂದು ಕೇಳಿದರು. ರಾತ್ರಿಯ ಬೆವರು, ನಿದ್ದೆಗೇಡು ಯಾವುದನ್ನೂ ಅವರು ಕೇಳಲಿಲ್ಲ, ಭಾವನೆದುರು ಅಕ್ಕ ಹೇಳಲೂ ಇಲ್ಲ.

ಗರ್ಭಕೋಶ ತೆಗೆಯಲೇಬೇಕಾದ ಸಂದರ್ಭಗಳಿವೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಗರ್ಭಕೋಶ ತೆಗೆದರೆ ಝಳವಾಗಲಿ ಸಿಡುಕಾಗಲಿ ನಿಲ್ಲುವುದಿಲ್ಲ, ಏಕೆಂದರೆ ಅವುಗಳ ಮೂಲ ಅಂಡಾಶಯದಲ್ಲಿದೆ. ಅಂಡಾಶಯವನ್ನೂ ಸೇರಿಸಿ ತೆಗೆದರೆ ವರ್ಷಗಳ ಅವಧಿಯಲ್ಲಿ ಆಗಬೇಕಾದ ಬದಲಾವಣೆ ಒಂದೇ ದಿನದಲ್ಲಿ ಆಗಿ, ಝಳ ಇನ್ನೂ ಜೋರಾಗುತ್ತದೆ, ಮೂಳೆ ಬೇಗ ಸವೆಯುತ್ತದೆ. ಅತಿರಕ್ತಸ್ರಾವಕ್ಕೆ ಟ್ರಾನೆಕ್ಸಾಮಿಕ್ ಆಮ್ಲದ ಮಾತ್ರೆಗಳಿವೆ, ಪ್ರೊಜೆಸ್ಟರಾನ್ ಮಾತ್ರೆಗಳಿವೆ, ಗರ್ಭಕೋಶದೊಳಗೆ ಕೂರಿಸುವ ಹಾರ್ಮೋನು ಕಾಯಿಲ್ ಇದೆ. ಅನಗತ್ಯವಾಗಿ ಗರ್ಭಕೋಶ ತೆಗೆಯುವುದನ್ನು ತಡೆಯುವ ಕೇಂದ್ರದ ಮಾರ್ಗಸೂಚಿಗಳನ್ನು ಜಾರಿಗೆ ತರಬೇಕೆಂದು ಸುಪ್ರೀಂ ಕೋರ್ಟು 2023ರ ಏಪ್ರಿಲ್‌ನಲ್ಲಿ ರಾಜ್ಯಗಳಿಗೆ ಹೇಳಬೇಕಾಗಿ ಬಂದಿತೆಂದರೆ, ಇದು ನಮ್ಮ ಮನೆಯೊಂದರ ಕಥೆಯಲ್ಲ.

ಹಾರ್ಮೋನು ಚಿಕಿತ್ಸೆ ಎಂದರೆ ಕ್ಯಾನ್ಸರ್ ಎಂಬ ಹೆದರಿಕೆಯ ಹಿಂದೆ ಅಮೆರಿಕದ ದೊಡ್ಡ ಅಧ್ಯಯನವೊಂದು 2002ರಲ್ಲಿ ಅರ್ಧಕ್ಕೇ ನಿಂತುದರ ಸುದ್ದಿಯಿದೆ. ಅದರಲ್ಲಿ ಭಾಗವಹಿಸಿದವರ ಸರಾಸರಿ ವಯಸ್ಸು 63. ಕೊಟ್ಟದ್ದು ಹಳೆಯ ಬಗೆಯ ಮಾತ್ರೆ. ಸ್ತನ ಕ್ಯಾನ್ಸರಿನಲ್ಲಿ ಕಂಡ ಹೆಚ್ಚಳ ವರ್ಷಕ್ಕೆ 10,000 ಹೆಂಗಸರಲ್ಲಿ ಸುಮಾರು 8. ಅಪಾಯ ಸೊನ್ನೆಯಲ್ಲ. ಆದರೂ 60ರೊಳಗಿನ, ಬೇರೆ ತೊಂದರೆಯಿಲ್ಲದ, ಲಕ್ಷಣಗಳಿಂದ ಬಳಲುತ್ತಿರುವ ಹೆಚ್ಚಿನವರಿಗೆ ಲಾಭವೇ ಜಾಸ್ತಿ ಎಂಬುದು ಈಗಿನ ತಜ್ಞರ ನಿಲುವು. ಚರ್ಮಕ್ಕೆ ಹಚ್ಚುವ ಈಸ್ಟ್ರೋಜನ್ ಜೆಲ್ ಭಾರತದಲ್ಲಿಯೂ ಸಿಗುತ್ತದೆ, ಮಾತ್ರೆಯಂತೆ ಅದು ರಕ್ತ ಹೆಪ್ಪುಗಟ್ಟುವ ಅಪಾಯವನ್ನು ಹೆಚ್ಚಿಸುವುದಿಲ್ಲ. ಗರ್ಭಕೋಶ ಇರುವವರು ಅದರ ಜೊತೆ ಪ್ರೊಜೆಸ್ಟರಾನ್ ತೆಗೆದುಕೊಳ್ಳಲೇಬೇಕು. ಸ್ತನ ಕ್ಯಾನ್ಸರ್ ಆದವರಿಗೆ, ಕಾರಣ ತಿಳಿಯದ ರಕ್ತಸ್ರಾವ ಇರುವವರಿಗೆ ಇದು ಹೇಳಿದ್ದಲ್ಲ. ಮೆಡಿಕಲ್ ಶಾಪಿನಲ್ಲಿ ಕೇಳಿ ಕೊಳ್ಳುವ ಮದ್ದಂತೂ ಖಂಡಿತ ಅಲ್ಲ.

ಅಕ್ಕ ಎರಡನೆಯ ಡಾಕ್ಟರ ಬಳಿ ಹೋದದ್ದು ಗೋಡೆಯ ಕ್ಯಾಲೆಂಡರನ್ನು ಬ್ಯಾಗಿನಲ್ಲಿ ಸುತ್ತಿಟ್ಟುಕೊಂಡು. ಸೊಸೈಟಿಯವರು ಕೊಟ್ಟ ಆ ಕ್ಯಾಲೆಂಡರಿನಲ್ಲಿ ಗ್ಯಾಸ್ ಸಿಲಿಂಡರ್ ಬಂದ ದಿನ, ಹಾಲಿನ ಲೆಕ್ಕದ ಜೊತೆಗೆ ಮುಟ್ಟಿನ ದಿನಗಳಿಗೆ ಕೆಂಪು ಚುಕ್ಕೆ, ಜಾಸ್ತಿ ಹೋದ ದಿನ ಎರಡು ಚುಕ್ಕೆ, ನಿದ್ದೆಗೆಟ್ಟ ರಾತ್ರಿಗೆ ಅಡ್ಡಗೆರೆ ಇತ್ತು. ಭಾವ ಹೊರಗೆ ಕುಳಿತರು. ಡಾಕ್ಟರು ತಿಂಗಳುಗಳನ್ನು ಒಂದೊಂದಾಗಿ ತಿರುವಿ ನೋಡಿ, ಥೈರಾಯ್ಡ್ ಮತ್ತು ಹಿಮೋಗ್ಲೋಬಿನ್ ಪರೀಕ್ಷೆ ಬರೆದು, ಮೊದಲು ಮದ್ದಿನಲ್ಲಿ ನೋಡೋಣ ಎಂದರು. ಇಂಗ್ಲೆಂಡಿನಲ್ಲಿ ಇದೇ ಕೆಲಸಕ್ಕೆ ಮೊಬೈಲ್ ಆ್ಯಪುಗಳಿವೆ. ಕ್ಯಾಲೆಂಡರೇ ಮೇಲು, ಮನೆಯವರೂ ನೋಡುತ್ತಾರಲ್ಲ.

ಕೆಲಸದ ಜಾಗದ ವಿಷಯದಲ್ಲಿ ನನ್ನ ರಾಜ್ಯದ ಬಗ್ಗೆ ಒಂದಿಷ್ಟು ಹೆಮ್ಮೆಯಿದೆ. ತಿಂಗಳಿಗೊಂದರಂತೆ ವರ್ಷಕ್ಕೆ 12 ದಿನ ಸಂಬಳಸಹಿತ ಮುಟ್ಟಿನ ರಜೆ ಕೊಡುವ ನೀತಿಯನ್ನು ಕರ್ನಾಟಕದ ಸಚಿವ ಸಂಪುಟ 2025ರ ಅಕ್ಟೋಬರಿನಲ್ಲಿ ಒಪ್ಪಿತು. ಆದರೆ ನಲವತ್ತೈದರ ಹೆಂಗಸಿಗೆ ಒಂದು ತಿಂಗಳು ಮುಟ್ಟೇ ಇಲ್ಲ, ಮರುತಿಂಗಳು ಹನ್ನೆರಡು ದಿನ ನಿಲ್ಲುವುದೇ ಇಲ್ಲ. ತಿಂಗಳಿಗೊಂದರ ಲೆಕ್ಕ ಆಕೆಗೆ ಹೊಂದುವುದಿಲ್ಲ. ಮಲ್ಪೆಯಲ್ಲಿ ಬುಟ್ಟಿ ಹೊತ್ತು ಮೀನು ಮಾರುವವರಿಗೆ ರಜೆ ಕೊಡುವವರು ಹೇಗೂ ಯಾರೂ ಇಲ್ಲ.

ಆಹಾರದ ಬಗ್ಗೆ ನಮ್ಮವರಿಗೆ ಹೇಳಿಕೊಡಬೇಕಾದದ್ದು ಕಡಿಮೆ: ಮುಳ್ಳು ಸಮೇತ ಜಗಿಯುವ ಸಣ್ಣ ಮೀನು, ರಾಗಿ, ಹುರುಳಿ, ಮಜ್ಜಿಗೆ ಇವೆಲ್ಲ ಮನೆಯಲ್ಲೇ ಇವೆ. ಕೊರತೆಯಿರುವುದು ಸ್ನಾಯು, ಮೂಳೆಗೆ ಬಲ ಕೊಡುವ ವ್ಯಾಯಾಮದಲ್ಲಿ. ಕದ್ರಿ ಪಾರ್ಕಿನಲ್ಲಿ ಮಾತಾಡುತ್ತಾ ಒಂದು ಸುತ್ತು ಹಾಕಿದರೆ ಮೂಳೆಗೆ ಸಾಲುವುದಿಲ್ಲ. ವಾರಕ್ಕೆ ಎರಡು ದಿನವಾದರೂ ಭಾರ ಎತ್ತಬೇಕು, ಕುಳಿತು ಏಳಬೇಕು.

ಮುಟ್ಟು ನಿಂತಿದೆಯೆಂದು ಹೇಳಲು ಹನ್ನೆರಡು ತಿಂಗಳು ಪೂರ್ತಿ ಕಳೆದಿರಬೇಕು, ಅಲ್ಲಿಯ ತನಕ ಗರ್ಭ ನಿಲ್ಲುವ ಸಾಧ್ಯತೆಯೂ ಉಳಿದಿರುತ್ತದೆ. ಆ ಹನ್ನೆರಡು ತಿಂಗಳ ಬಳಿಕ ಒಂದು ಹನಿ ರಕ್ತ ಕಂಡರೂ "ಪುನಃ ಶುರುವಾಯಿತು" ಎಂದು ಸುಮ್ಮನಿರದೆ ಅದೇ ವಾರ ಪರೀಕ್ಷೆ ಮಾಡಿಸಬೇಕು, ಏಕೆಂದರೆ ಗರ್ಭಕೋಶದ ಕ್ಯಾನ್ಸರಿನ ಮೊದಲ ಸೂಚನೆ ಹಲವು ಬಾರಿ ಅದೇ ಆಗಿರುತ್ತದೆ. ಇಂಗ್ಲೆಂಡಿನಲ್ಲಿ ಇದಕ್ಕೂ ತುರ್ತು ಚೀಟಿ ಬರೆಸಿಕೊಂಡು ಸರದಿಗೆ ಕಾಯಬೇಕು. ಸುರತ್ಕಲ್ಲಿನ ಅತ್ತಿಗೆ ಬಸ್ಸು ಹತ್ತಿದರೆ ಆ ದಿನವೇ ಸ್ಕ್ಯಾನ್ ಆಗುತ್ತದೆ.