ನೈರೋಬಿಯ ದುಕಾನು: ಮೆಟ್ಟಿಲೋ, ಅಡ್ಡಗೋಡೆಯೋ?

ಸ್ವಾಹಿಲಿ ಭಾಷೆಯಲ್ಲಿ ಅಂಗಡಿಗೆ ‘ಡುಕಾ’ ಎನ್ನುತ್ತಾರೆ. ನಮ್ಮ ‘ದುಕಾನು’ ಬಂದಿರುವುದೂ ಅದೇ ಅರಬ್ಬಿ ಮೂಲದಿಂದ. ಅಂಗಡಿ ಇಟ್ಟ ಭಾರತೀಯ ಅಲ್ಲಿ ‘ಡುಕಾವಾಲಾ’, ಬಡಗಿ-ಕಮ್ಮಾರ-ಮೇಸ್ತ್ರಿಗಳು ‘ಫುಂಡಿ’. ಬಿಳಿಯರು ತಮ್ಮದೆಂದುಕೊಂಡು ಬೆಳೆಸಿದ ನೈರೋಬಿಯಲ್ಲಿ ಅಂಗಡಿ ತೆರೆದ, ಕಸುಬು ನಡೆಸಿದ, ವೈದ್ಯರೂ ವಕೀಲರೂ ಆದ ಈ ಭಾರತೀಯರಿಂದ ಆ ನೆಲದ ಆಫ್ರಿಕನ್ನರಿಗೆ ಒಳಿತಾಯಿತೇ? ಕೀನ್ಯಾದಲ್ಲಿ ಈ ಪ್ರಶ್ನೆ ಇನ್ನೂ ಆರಿಲ್ಲ. ಕೆಳಗಿನ ಎರಡು ಬರಹಗಳೂ ನನ್ನವೇ. ಎರಡನ್ನೂ ಮನಸ್ಸಿಟ್ಟು ಬರೆದಿದ್ದೇನೆ. ಆದರೆ ನನ್ನ ಮನಸ್ಸು ಎರಡನೆಯದರ ಕಡೆಗೆ ವಾಲಿದೆ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ.

ಪರ: ಕಾಸಿಗೂ ಮಾಲು ಸಿಕ್ಕ ಜಾಗ

1899ರ ಮೇ ಕೊನೆಗೆ ಮೊಂಬಾಸಾ ಬಂದರಿನಿಂದ ಬಂದ ರೈಲು ಹಳಿ, ಮುಂದೆ ನೈರೋಬಿಯಾದ ಒಂದು ಜೌಗು ಬಯಲನ್ನು ತಲುಪಿತು. ಅಲ್ಲಿನ ದನಗಾಹಿ ಜನರಾದ ಮಾಸಾಯಿಗಳು ಆ ಜಾಗವನ್ನು ಅಲ್ಲಿನ ತಣ್ಣೀರಿನ ಹೆಸರಿನಿಂದಲೇ ಕರೆಯುತ್ತಿದ್ದರು. ಮುಂದೆ ಕಡಿದಾದ ಏರು ಇದ್ದುದರಿಂದ ರೈಲ್ವೆಯವರು ಗೋದಾಮು, ಕಾರ್ಯಾಗಾರ, ಡೇರೆಗಳನ್ನು ಅಲ್ಲೇ ಹೂಡಿದರು. ಹಳಿ ಹಾಕಲು ಭಾರತದಿಂದ ಕರೆತಂದ ಕರಾರು ಕೂಲಿಗಳು ಸುಮಾರು 32,000. ಅವರಲ್ಲಿ 2,500ರಷ್ಟು ಮಂದಿ ಸತ್ತರು, ಬಹುಪಾಲು ಜನ ಕರಾರು ಮುಗಿಸಿ ಊರಿಗೆ ಮರಳಿದರು, ಆರೇಳು ಸಾವಿರ ಮಂದಿ ಅಲ್ಲೇ ಉಳಿದರು. ಅಂಗಡಿಯವರದು ಬೇರೆಯೇ ಕಥೆ. ಅವರಲ್ಲಿ ಹೆಚ್ಚಿನವರು ಕಚ್ಛ್, ಕಾಠಿಯಾವಾಡ, ಗುಜರಾತಿನ ಕಡೆಯಿಂದ ತಮ್ಮ ಖರ್ಚಿನಲ್ಲೇ ಹಡಗು ಹತ್ತಿ ಬಂದವರು. ಬಿಳಿಯ ರೈತರು ದೊಡ್ಡ ಸಂಖ್ಯೆಯಲ್ಲಿ ಬರುವ ಹೊತ್ತಿಗೆ ನೈರೋಬಿಯಲ್ಲಿ ಭಾರತೀಯರ ಬಜಾರು ಆಗಲೇ ಎದ್ದು, ಪ್ಲೇಗಿನ ಭಯಕ್ಕೆ ಸರ್ಕಾರವೇ ಅದನ್ನು ಒಮ್ಮೆ ಸುಡಿಸಿಯೂ ಆಗಿತ್ತು. 1902ರಲ್ಲಿ ಆ ಪ್ಲೇಗನ್ನು ಗುರುತು ಹಿಡಿದವರು ಗೋವಾದಿಂದ ಬಂದ ಡಾಕ್ಟರ್ ರೊಜೆಂದೊ ರಿಬೆರೊ. ಪಳಗಿಸಿದ ಜೀಬ್ರಾದ ಮೇಲೆ ಕೂತು ರೋಗಿಗಳ ಮನೆಗೆ ಹೋಗುತ್ತಿದ್ದ ವೈದ್ಯರು ಅವರು.

ಆ ಕಾಲದ ಒಂದು ಡುಕಾವನ್ನು ಹತ್ತಿರದಿಂದ ನೋಡಬೇಕು. ತಗಡಿನ ಮಾಡು, ಮುಂದೊಂದು ಜಗುಲಿ, ಜಗುಲಿಯ ಮೇಲೆ ಹೊಲಿಗೆ ಯಂತ್ರ ತುಳಿಯುವ ದರ್ಜಿ. ಒಳಗೆ ಹಲಗೆಯ ಅಡ್ಡೆ (ಕೌಂಟರು), ಅದರ ಹಿಂದೆ ಉಪ್ಪು, ಸಕ್ಕರೆ, ಸೀಮೆಎಣ್ಣೆ, ಬೆಂಕಿಪೊಟ್ಟಣ, ಕಂಬಳಿ, ಗುದ್ದಲಿ. ತೂಕಕ್ಕೆ ರಾತಲು. ಕಾಳಿಗೆ ‘ಕಿಬಾಬಾ’ ಎಂಬ ಅಳತೆ, ನಮ್ಮ ಪಾವು-ಸೇರಿನ ಹಾಗೆ. ಗಿರಾಕಿಯ ಕೈಯಲ್ಲಿ ಎಷ್ಟು ಕಾಸಿದೆಯೋ ಅಷ್ಟರ ಮಾಲು. ಸಕ್ಕರೆ ಕಾಗದದ ಪೊಟ್ಟಣದಲ್ಲಿ, ಸೀಮೆಎಣ್ಣೆ ಗಿರಾಕಿಯೇ ತಂದ ಬಾಟಲಿಯಲ್ಲಿ, ಸಿಗರೇಟು ಒಂದೊಂದಾಗಿ. ಬಿಳಿಯರ ದೊಡ್ಡ ಅಂಗಡಿಗಳಲ್ಲಿ ಇಂಥ ಗಿರಾಕಿಯನ್ನು ಯಾರೂ ತಿರುಗಿ ನೋಡುತ್ತಿರಲಿಲ್ಲ. ತಿಂಗಳಿಗೆ ಬೆರಳೆಣಿಕೆಯ ಶಿಲ್ಲಿಂಗು ದುಡಿಯುವ ಕೂಲಿಯೂ ಒಬ್ಬ ಗಿರಾಕಿ ಎಂದು ನಡೆಸಿಕೊಂಡದ್ದು ಡುಕಾ. ಅದೇ ಡುಕಾದವನು ರೈತನ ಜೋಳ, ಅವರೆ, ಚರ್ಮವನ್ನೂ ಕೊಳ್ಳುತ್ತಿದ್ದ. ರೈಲು ನಿಲ್ದಾಣದಿಂದ ದೂರದ ಹಳ್ಳಿಗಳಲ್ಲಿ ಬೆಳೆ ಮಾರಲು ಬೇರೆ ದಾರಿಯೇ ಇರಲಿಲ್ಲ. ಕಚ್ಛ್‌ನಿಂದ ಹುಡುಗನಾಗಿ ಬಂದ ಅಲ್ಲಿದಿನಾ ವಿಶ್ರಾಮ್ ಸರ್ಕಾರ ಕಾಲಿಡದ ಕಡೆಗಳಲ್ಲೂ ಡುಕಾ ತೆರೆಯುತ್ತಾ ಉಗಾಂಡಾದ ತನಕ ಹೋದವರು. ಅವರ ಅಂಗಡಿಗಳ ಸಂಖ್ಯೆ ನೂರು ದಾಟಿತ್ತು.

ಬಜಾರು ಎಷ್ಟು ಮುಂದೆ ಹೋಗಿತ್ತೆಂದರೆ ಸರ್ಕಾರವೇ ಅದನ್ನು ಹಿಂಬಾಲಿಸಬೇಕಾಯಿತು. 1920ರವರೆಗೆ ಪೂರ್ವ ಆಫ್ರಿಕಾದಲ್ಲಿ ನಡೆದದ್ದು ರೂಪಾಯಿ. ಕರಾಚಿಯಿಂದ ಬಂದ ಎ.ಎಂ. ಜೀವನ್‌ಜಿ ಊರಿನ ಮಾರುಕಟ್ಟೆ ಕಟ್ಟಿಸಿದರು, ತೋಟವನ್ನೂ ದಾನ ಮಾಡಿದರು. ಮುಂದೆ ಬಿಳಿಯರ ಮುಖವಾಣಿಯೇ ಆದ ‘ಸ್ಟ್ಯಾಂಡರ್ಡ್’ ಪತ್ರಿಕೆಯನ್ನು ಮೊಂಬಾಸಾದಲ್ಲಿ ಹುಟ್ಟುಹಾಕಿದವರೂ ಅವರೇ. ರೈಲು, ಅಂಚೆ, ಖಜಾನೆ ಕಚೇರಿಗಳ ಗುಮಾಸ್ತಿಕೆಯಲ್ಲಿ ಗೋವಾದವರು, ಗಾರೆ-ಮರ-ಕಬ್ಬಿಣದ ಕೆಲಸದಲ್ಲಿ ಪಂಜಾಬಿನ ಸಿಖ್ಖರು. (ಪೂರ್ವ ಆಫ್ರಿಕಾದ ಮಾಡುಗಳ ಮಾತು ಬಂದರೆ ನಮ್ಮ ಕರಾವಳಿಯವರೂ ನೆನಪಾಗುತ್ತಾರೆ. ಮಂಗಳೂರಿನಲ್ಲಿ 1865ರಲ್ಲಿ ಬಾಸೆಲ್ ಮಿಷನ್ ಶುರುಮಾಡಿದ ಹಂಚಿನ ಉದ್ಯಮದ ಸರಕು ಆ ಕಡೆಗೂ ಹಡಗು ಹತ್ತಿತು. ಅಲ್ಲಿ ಈಗಲೂ ಅದು ‘ಮಂಗಳೂರು ಹಂಚೇ’.)

ಭಾರತೀಯರು ಆಫ್ರಿಕನ್ನರ ಏಳಿಗೆಗೆ ಅಡ್ಡ ಎಂಬ ಮಾತನ್ನು ಮೊದಲು ಜೋರಾಗಿ ಆಡಿದವರು ಯಾರು ಎಂಬುದನ್ನು ಮರೆಯಬಾರದು. ಆಡಿದವರು ಬಿಳಿಯ ವಲಸಿಗರು, ಅದೂ ಭಾರತೀಯರು ಸಮಾನ ಮತದಾನ ಕೇಳಿದ ಹೊತ್ತಿಗೆ. ಅದಕ್ಕೆ ಉತ್ತರವಾಗಿ 1921ರಲ್ಲಿ ಆಫ್ರಿಕನ್ ನಾಯಕ ಹ್ಯಾರಿ ಥುಕು ನಡೆಸಿದ ಸಭೆ, ಭಾರತೀಯರಿಂದ ತಮಗೆ ಹಾನಿಯಿಲ್ಲ ಎಂದು ನಿರ್ಣಯ ಮಾಡಿತು. ಥುಕು ಅವರ ಕರಪತ್ರಗಳು ಅಚ್ಚಾದದ್ದು ಭಾರತೀಯ ಪತ್ರಕರ್ತ ಎಂ.ಎ. ದೇಸಾಯಿಯವರ ಮುದ್ರಣಾಲಯದಲ್ಲಿ. 1952-53ರಲ್ಲಿ, ಮುಂದೆ ಕೀನ್ಯಾದ ಅಧ್ಯಕ್ಷರಾದ ಜೋಮೊ ಕೆನ್ಯಾಟಾ ಮತ್ತು ಐವರು ಸಂಗಾತಿಗಳ ಮೇಲೆ ಕಪೆಂಗುರಿಯಾದಲ್ಲಿ ಮೊಕದ್ದಮೆ ನಡೆದಾಗ ಇಂಗ್ಲೆಂಡಿನ ಡಿ.ಎನ್. ಪ್ರಿಟ್ ಅವರ ಜೊತೆ ನಿಂತ ವಕೀಲರಲ್ಲಿ ಎ.ಆರ್. ಕಪಿಲಾ, ಫಿಟ್ಜ್ ಡಿ ಸೋಜಾ, ಜಸ್ವಂತ್ ಸಿಂಗ್ ಇದ್ದರು. ದೆಹಲಿಯಿಂದ ದಿವಾನ್ ಚಮನ್‌ಲಾಲ್ ಕೂಡ ಬಂದರು. ಬ್ರಿಟಿಷರ ವಿರುದ್ಧದ ಮೌ ಮೌ ದಂಗೆಯಿಂದಾಗಿ ಹೇರಿದ ತುರ್ತು ಪರಿಸ್ಥಿತಿಯ ಆ ದಿನಗಳಲ್ಲಿ ಕೆನ್ಯಾಟಾ ಪರ ಕರಿಕೋಟು ಹಾಕಿ ನಿಲ್ಲುವುದೆಂದರೆ ಬಿಳಿಯ ಸಮಾಜದ ಸಿಟ್ಟನ್ನು ಮನೆಬಾಗಿಲಿಗೆ ಕರೆದಂತೆ. ವೃತ್ತಿಯನ್ನೇ ಪಣಕ್ಕಿಟ್ಟು ಅವರು ನಿಂತರು.

ವಿರೋಧ: ಕಿರ್ದಿ ಯಾರ ಕೈಯಲ್ಲಿತ್ತು?

ಮೇಲಿನದೆಲ್ಲ ನಿಜ. ಆದರೆ ಅಡ್ಡೆಯ ಮುಂದೆ ನಿಂತ ಗಿರಾಕಿಯನ್ನು ಮಾತ್ರ ನೋಡಿದರೆ ಸಾಲದು, ಅಡ್ಡೆಯ ಹಿಂದೆ ಯಾರಿದ್ದರು ಎಂದೂ ನೋಡಬೇಕು.

ಡುಕಾ ನಡೆಯುತ್ತಿದ್ದದ್ದು ಉದ್ರಿಯ ಮೇಲೆ. ಮುಂಬಯಿಯ ರಫ್ತುದಾರ ಮೊಂಬಾಸಾದ ಸಗಟು ವ್ಯಾಪಾರಿಗೆ, ಅವನು ನೈರೋಬಿಯವನಿಗೆ, ನೈರೋಬಿಯವನು ಹಳ್ಳಿಯ ಡುಕಾದವನಿಗೆ ಮಾಲು ಕಳಿಸುತ್ತಿದ್ದ. ಹಣ ಆಮೇಲೆ. ಈ ಸರಪಳಿಗೆ ಜಾಮೀನು ಎಂದರೆ ಜಾತಿ, ನೆಂಟಸ್ತನ, ಒಂದೇ ಊರು. ಅಂಗಡಿಗೆ ಕೈ ಬೇಕಾದರೆ ಊರಿಂದ ಅಕ್ಕನ ಮಗನನ್ನೋ ಷಡ್ಡಕನ ತಮ್ಮನನ್ನೋ ಕರೆಸುತ್ತಿದ್ದರು. ಆ ಹುಡುಗ ಊಟ-ವಸತಿಗೆ ಕೆಲವು ವರ್ಷ ದುಡಿದು, ವ್ಯಾಪಾರದ ಒಳಗುಟ್ಟು ಕಲಿತು, ಅದೇ ಸಗಟುದಾರನ ಉದ್ರಿಯಲ್ಲಿ ಸ್ವಂತ ಡುಕಾ ತೆರೆಯುತ್ತಿದ್ದ. ಆಫ್ರಿಕನ್ ಆಳು ಅದೇ ಅಂಗಡಿಯಲ್ಲಿ ಹತ್ತು-ಇಪ್ಪತ್ತು ವರ್ಷ ಮೂಟೆ ಹೊತ್ತರೂ ‘ಬಾಯ್’ ಆಗಿಯೇ ಉಳಿದ. ಕಿರ್ದಿ ಪುಸ್ತಕ ಗುಜರಾತಿಯಲ್ಲಿತ್ತು. ಯಾವ ಮಾಲು ಎಷ್ಟಕ್ಕೆ ಬಂತು, ಯಾರಿಗೆ ಎಷ್ಟು ಬಾಕಿ, ಎಷ್ಟು ದಿನದ ವಾಯಿದೆ ಎಂಬುದೆಲ್ಲ ಅವನ ಕಣ್ಣೆದುರೇ ಬರೆದಿಡಲಾಗುತ್ತಿತ್ತು, ಅವನಿಗೆ ಓದಲು ಬರುತ್ತಿರಲಿಲ್ಲ. ಓದಲು ಕಲಿಸುವ ಮನಸ್ಸೂ ಮಾಲೀಕನಿಗೆ ಇರಲಿಲ್ಲ. ನಮ್ಮ ಪೇಟೆಗಳ ಹಳೇ ಮಂಡಿಗಳನ್ನು ನೋಡಿದವರಿಗೆ ಇದು ಹೊಸದಲ್ಲ. ಗಲ್ಲಾಪೆಟ್ಟಿಗೆಯ ಹತ್ತಿರ ಯಾರು ಕೂರಬಹುದು, ಯಾರು ಹೊರಗೇ ನಿಲ್ಲಬೇಕು ಎಂಬುದನ್ನು ನಾವು ಇಲ್ಲೇ ಕಲಿತಿದ್ದೆವು, ಕಲಿತದ್ದನ್ನು ಹಡಗಿನಲ್ಲಿ ಜೊತೆಗೇ ಒಯ್ದೆವು.

ಸರ್ಕಾರದ ತಪ್ಪಿಲ್ಲವೇ? ಬೇಕಾದಷ್ಟಿದೆ. ಆಫ್ರಿಕನ್ನನಿಗೆ 200 ಶಿಲ್ಲಿಂಗಿಗಿಂತ ಹೆಚ್ಚು ಉದ್ರಿ ಕೊಟ್ಟರೆ ಕೋರ್ಟಿನಲ್ಲಿ ವಸೂಲಿ ಮಾಡಲಾಗದಂಥ ಕಾನೂನು ಇತ್ತು. ‘ಮುಗ್ಧ ಜನರನ್ನು ಸಾಲದಿಂದ ಕಾಪಾಡುವುದು’ ಎಂಬ ನೆಪದ ಆ ಕಾನೂನು ಅವರನ್ನು ಸಗಟು ವ್ಯಾಪಾರದಿಂದಲೇ ಹೊರಗಿಟ್ಟಿತು. ಗಂಡಸರು ‘ಕಿಪಾಂಡೆ’ ಎಂಬ ಗುರುತಿನ ಚೀಟಿಯನ್ನು ತಗಡಿನ ಡಬ್ಬಿಯಲ್ಲಿಟ್ಟು ಕೊರಳಿಗೆ ನೇತುಹಾಕಿಕೊಂಡು ತಿರುಗಬೇಕಿತ್ತು. ಅದೇ ಕೆಲಸಕ್ಕೆ ಯುರೋಪಿಯನ್ನರ ಸಂಬಳದ ಐದರಲ್ಲಿ ಮೂರು ಪಾಲು ಏಷ್ಯನ್ನರಿಗೆ, ಆಫ್ರಿಕನ್ನರಿಗೆ ಅದಕ್ಕಿಂತಲೂ ಎಷ್ಟೋ ಕಡಿಮೆ. ನನ್ನ ತಕರಾರು ಬೇರೆ. ಗೋಡೆ ಕಟ್ಟಿದ್ದು ಬ್ರಿಟಿಷರೇ ಆದರೂ ನಮ್ಮವರು ಅದರ ನಡುವಿನ ಮಹಡಿಯಲ್ಲಿ ಹಾಯಾಗಿ ಸಂಸಾರ ಹೂಡಿದರು. ಬೆಳೆ ವ್ಯಾಪಾರಕ್ಕೆ ಪರವಾನಗಿ ಬೇಕೆಂದು 1935ರಲ್ಲಿ ಕಾಯಿದೆ ಬಂದಾಗ ಅದರ ಲಾಭ ಹೆಚ್ಚಾಗಿ ದಕ್ಕಿದ್ದು ಭಾರತೀಯ ವರ್ತಕರಿಗೆ. ಸುಗ್ಗಿಯಲ್ಲಿ ಅಗ್ಗಕ್ಕೆ ಕೊಂಡ ಜೋಳವನ್ನು ಬರಗಾಲದ ತಿಂಗಳಲ್ಲಿ ಅದೇ ರೈತನಿಗೆ ತುಟ್ಟಿಗೆ ಮಾರಿದ ಅಂಗಡಿಗಳಿಗೆ ಲೆಕ್ಕವಿಲ್ಲ.

ಇನ್ನು ಹೋರಾಟದ ಮಾತು. 1908ರಲ್ಲಿ ಬ್ರಿಟನ್ನಿನ ವಸಾಹತು ಮಂತ್ರಿ ಲಾರ್ಡ್ ಎಲ್ಗಿನ್ ಕೀನ್ಯಾದ ಮಲೆನಾಡಿನ ಫಲವತ್ತಾದ ಭೂಮಿಯನ್ನು ಭಾರತೀಯರಿಗೆ ಕೊಡುವುದು ಬೇಡವೆಂದ ಮೇಲೆ ನಮ್ಮ ನಾಯಕರು ಒಂದೂವರೆ ದಶಕ ಅದರ ವಿರುದ್ಧ ಕೂಗಾಡಿದರು. ಆ ಭೂಮಿ ಯಾರದ್ದು? ಕಿಕುಯುಗಳದ್ದು, ಮಾಸಾಯಿಗಳದ್ದು. ಕಿತ್ತುಕೊಂಡದ್ದರಲ್ಲಿ ನಮಗೂ ಪಾಲು ಕೊಡಿ ಎಂಬ ಬೇಡಿಕೆಯನ್ನು ಸಮಾನತೆಯ ಹೋರಾಟ ಎಂದು ಕರೆಯಲು ನನ್ನಿಂದಾಗದು. ಮೊದಲ ಮಹಾಯುದ್ಧ ಮುಗಿದಾಗ, ಜರ್ಮನರಿಂದ ಗೆದ್ದ ಪೂರ್ವ ಆಫ್ರಿಕಾವನ್ನು ಭಾರತೀಯರ ನೆಲೆಗೆ ಬಿಟ್ಟುಕೊಡಿ ಎಂದು ಕೇಳಿದ ಭಾರತೀಯ ಮುಂದಾಳುಗಳೂ ಇದ್ದರು. 1923ರಲ್ಲಿ ಲಂಡನ್ ಸರ್ಕಾರ ‘ಆಫ್ರಿಕನ್ನರ ಹಿತವೇ ಮೇಲು’ ಎಂದು ಘೋಷಿಸಿತು. ಘೋಷಣೆಯಲ್ಲಿ ಪ್ರಾಮಾಣಿಕತೆ ಕಡಿಮೆಯೇ, ಮಲೆನಾಡು ಬಿಳಿಯರಲ್ಲೇ ಉಳಿಯಿತು. ಆದರೂ ಬಿಳಿಯರು, ಭಾರತೀಯರು ಇಬ್ಬರೂ ಹೇಳದೆ ಬಿಟ್ಟ ಒಂದು ಮಾತನ್ನು ಅದು ಬಾಯಿಬಿಟ್ಟು ಹೇಳಿತು.

ದೇಸಾಯಿ, ಕಪಿಲಾ, ಸ್ವಾತಂತ್ರ್ಯ ಹೋರಾಟಕ್ಕಿಳಿದ ಪತ್ರಕರ್ತ ಪಿಯೊ ಗಾಮಾ ಪಿಂಟೊ, ಮಖನ್ ಸಿಂಗ್: ಇವರ ಬಗ್ಗೆ ನನಗಿರುವುದು ಗೌರವವೇ. ಆದರೆ ಇವರ ಪುಣ್ಯವನ್ನು ಇಡೀ ಬಜಾರಿನ ಖಾತೆಗೆ ಜಮಾ ಮಾಡುವುದು ಅನ್ಯಾಯ. ಮಖನ್ ಸಿಂಗ್ 1935ರಲ್ಲಿ ಕಾರ್ಮಿಕ ಸಂಘ ಕಟ್ಟಿದರು. 1937ರಲ್ಲಿ ನೈರೋಬಿಯಲ್ಲಿ ಎರಡು ತಿಂಗಳು ಮುಷ್ಕರ ನಡೆಸಿ ಕೂಲಿ ಹೆಚ್ಚಿಸಿಕೊಂಡರು. ಆಗ ಎದುರಿಗೆ ನಿಂತವರು ಬಹುಪಾಲು ಭಾರತೀಯ ಗುತ್ತಿಗೆದಾರರೇ. ಪೂರ್ವ ಆಫ್ರಿಕಾಕ್ಕೆ ಸ್ವಾತಂತ್ರ್ಯ ಬೇಕೆಂದು 1950ರಲ್ಲಿ ಬಹಿರಂಗ ಸಭೆಯಲ್ಲಿ ಕೇಳಿದ ಆತನನ್ನು ಸರ್ಕಾರ ಹನ್ನೊಂದು ವರ್ಷಕ್ಕೂ ಹೆಚ್ಚು ಕಾಲ ಬಂಧನದಲ್ಲಿಟ್ಟಿತು. ಅಷ್ಟೂ ವರ್ಷ ಬಜಾರಿನ ಬಾಗಿಲು ಎಂದಿನಂತೆ ತೆರೆದೇ ಇತ್ತು.

ಬಿಳಿಯರು ಆಡಿದ ಮಾತು ಎಂಬ ಕಾರಣಕ್ಕೇ ಒಂದು ದೂರು ಸುಳ್ಳಾಗುವುದಿಲ್ಲ. 1962ರ ಜನಗಣತಿಯಲ್ಲಿ ಕೀನ್ಯಾದ ಏಷ್ಯನ್ನರು ಸುಮಾರು 1.76 ಲಕ್ಷ, ದೇಶದ ಜನಸಂಖ್ಯೆಯ ನೂರಕ್ಕೆ ಎರಡು ಪಾಲು. ಸ್ವಾತಂತ್ರ್ಯ ಬಂದ ದಿನ ನೈರೋಬಿಯ ಬಜಾರ್ ಬೀದಿಯಲ್ಲಿ ನಡೆದು ಫಲಕಗಳನ್ನು ಓದಿದ ಒಬ್ಬ ಕಿಕುಯು ಯುವಕ ತನ್ನದೇ ರಾಜಧಾನಿಯಲ್ಲಿ ತನ್ನವರ ಹೆಸರಿಗಾಗಿ ಹುಡುಕಬೇಕಿತ್ತು. ಅವನ ಅಸಹನೆ ದ್ವೇಷವಾಗಿ ತಿರುಗಿದ್ದು ತಪ್ಪು. ಏನೂ ಇಲ್ಲದೆ ಹುಟ್ಟಿದ್ದಂತೂ ಅಲ್ಲ.

1967ರಲ್ಲಿ ವ್ಯಾಪಾರ ಪರವಾನಗಿ ಕಾಯಿದೆ ಬಂತು. ಪೌರತ್ವ ತೆಗೆದುಕೊಳ್ಳದವರು ಎಲ್ಲೆಂದರಲ್ಲಿ, ಏನೆಂದರೆ ಅದನ್ನು ಮಾರುವಂತಿಲ್ಲ ಎಂದಾಯಿತು. ಬ್ರಿಟಿಷ್ ಪಾಸ್‌ಪೋರ್ಟ್ ಹಿಡಿದಿದ್ದ ಸಾವಿರಾರು ಸಂಸಾರಗಳು 1968ರ ಮಾರ್ಚಿನಲ್ಲಿ ಬ್ರಿಟನ್ ಬಾಗಿಲು ಹಾಕುವ ಮುನ್ನ ವಿಮಾನ ಹತ್ತಲು ಮುಗಿಬಿದ್ದವು. ಖಾಲಿಯಾದ ಡುಕಾಗಳಿಗೆ ಆಫ್ರಿಕನ್ ಮಾಲೀಕರು ಬಂದರು. ಅಡ್ಡೆ ಇತ್ತು, ತಕ್ಕಡಿ ಇತ್ತು, ಕಪಾಟು ಇತ್ತು. ಮಾಲು ಬೇಕೆಂದು ಹೋದರೆ ಸಗಟು ವ್ಯಾಪಾರಿ ಮೊದಲು ಕೇಳುತ್ತಿದ್ದದ್ದು ರೊಕ್ಕ. ಉದ್ರಿ ಕೊಡಲು ಈ ಹೊಸ ಮನುಷ್ಯನ ಮಾವನಾರು, ಊರಾವುದು, ಅವನ ಪರವಾಗಿ ಯಾರು ಹೇಳುತ್ತಾರೆ ಎಂಬುದು ಸಗಟುದಾರನ ಪುಸ್ತಕದಲ್ಲಿ ಎಲ್ಲೂ ಬರೆದಿರಲಿಲ್ಲ.