ಪದರ ಬಿದ್ದರೂ ಪದ ಬೀಳಲಿಲ್ಲ

ಹೋದ ಮಳೆಗಾಲದಲ್ಲಿ ನಮ್ಮ ಬಚ್ಚಲುಮನೆಯ ಸ್ಲ್ಯಾಬಿನಿಂದ ಮೊರದಗಲದ ಒಂದು ಚಕ್ಕೆ ಬಿತ್ತು. ನೇರ ಹಂಡೆಯ ಮೇಲೆಯೇ ಬಿದ್ದದ್ದರಿಂದ ಶಬ್ದ ಮೂರು ಮನೆಗೆ ಕೇಳಿತು. ಮೇಸ್ತ್ರಿ ಬಂದ. ಟಾರ್ಚು ಬಿಟ್ಟು ನೋಡಿದ. ತುಕ್ಕು ಹಿಡಿದ ಸರಳನ್ನು ಉಗುರಿನಿಂದ ಕೆರೆದ. ಬಾಯಲ್ಲಿದ್ದ ಕವಳವನ್ನು ಒಂದು ಕೆನ್ನೆಗೆ ತಳ್ಳಿ ತೀರ್ಪು ಕೊಟ್ಟ: "ಇದು ಬಿದ್ದದ್ದಲ್ಲ ಮಾರಾಯ್ರೆ. ಪದರು ಬಿಟ್ಟದ್ದು."

ಎರಡಕ್ಕೂ ಏನು ವ್ಯತ್ಯಾಸ ಎಂದು ಕೇಳಿದೆ.

"ಬಿದ್ದದ್ದು ಅಂದ್ರೆ ಕಟ್ಟಿದವನ ತಪ್ಪು. ಪದರು ಬಿಟ್ಟದ್ದು ಅಂದ್ರೆ ಸಿಮೆಂಟಿನ ಗುಣ."

ಕಟ್ಟಿದವನು ಅವನೇ.

ಈ ಮನುಷ್ಯ ಬಚ್ಚಲುಮನೆಗಳಲ್ಲಿ ವ್ಯರ್ಥವಾಗುತ್ತಿದ್ದಾನೆ ಎಂದು ನನಗೆ ಆವತ್ತೇ ಅನ್ನಿಸಿತು. ಅವನು ಇರಬೇಕಾದದ್ದು ಅಣುಶಕ್ತಿ ಇಲಾಖೆಯಲ್ಲಿ. ಅವನು ಆ ಮಾತು ಆಡುವುದಕ್ಕೆ ಎಷ್ಟೋ ವರ್ಷ ಮೊದಲೇ, ಅವನ ಊರಿನಿಂದ ಬಹಳ ದೂರವೇನೂ ಇಲ್ಲದ ಕೈಗಾ ಅಣುಸ್ಥಾವರದಲ್ಲಿ, ಅದೇ ಮಾತನ್ನು ಇಂಗ್ಲಿಷಿನಲ್ಲಿ ಆಡಿದ್ದರು.

1994ರ ಮೇ 13, ಶುಕ್ರವಾರ. ಕಾಳಿ ನದಿಯ ದಂಡೆಯಲ್ಲಿ 1ನೇ ಘಟಕದ ಗುಮ್ಮಟದ ಕೆಲಸ ನಡೆದಿತ್ತು. ಅಣುಸ್ಥಾವರದ ಗುಮ್ಮಟ ಬರೀ ಮಳೆಬಿಸಿಲಿಗೆ ಹಾಕಿದ ಮಾಡಲ್ಲ. ಯುರೇನಿಯಂ ಗುಳಿಗೆಯಿಂದ ಹೊರಬಿದ್ದದ್ದನ್ನು ಜಿರ್ಕಲಾಯ್ ಕೊಳವೆ ಹಿಡಿಯಬೇಕು, ಅದು ಒಡೆದರೆ ಒತ್ತಡದ ಕೊಳವೆ ಹಿಡಿಯಬೇಕು, ಅದೂ ಕೈಕೊಟ್ಟರೆ ಈ ಕಾಂಕ್ರೀಟ್ ಗುಮ್ಮಟ. ಎಲ್ಲರೂ ಓಡಿಹೋದ ಮೇಲೂ ಬಾಗಿಲಲ್ಲಿ ನಿಲ್ಲಬೇಕಾದ ಕಾವಲುಗಾರ ಅದು. ಆ ಕಾವಲುಗಾರ ಆವತ್ತು, ಕಳ್ಳನೂ ಬರದೆ, ಮನೆಯೊಳಗೆ ಕದಿಯುವುದಕ್ಕೆ ಒಂದು ಗುಳಿಗೆ ಯುರೇನಿಯಂ ಕೂಡ ಇಲ್ಲದೆ, ತನ್ನಷ್ಟಕ್ಕೆ ತಾನೇ ಕೆಳಗೆ ಬಂದ. ಸುಮಾರು 130 ಟನ್ ಕಾಂಕ್ರೀಟು. ಆನೆಯೊಂದಕ್ಕೆ 5 ಟನ್ ಎಂದು ಹಿಡಿದರೂ 26 ಆನೆ. ಮೈಸೂರು ದಸರೆಯ ಮೆರವಣಿಗೆಯನ್ನು ಎರಡು ಸಲ ಹೊರಡಿಸಬಹುದು. 14 ಕೆಲಸಗಾರರಿಗೆ ಗಾಯವಾಯಿತು.

ಇದಕ್ಕೆ ಇಟ್ಟ ಹೆಸರು 'ಡಿಲ್ಯಾಮಿನೇಷನ್'. ಪದರು ಬಿಡುವುದು. ಮಸಾಲೆದೋಸೆಯಿಂದ ಗರಿ ಬಿಟ್ಟ ಹಾಗೆ, ಹಳೆಯ ಪುಸ್ತಕದ ರಟ್ಟಿನಿಂದ ಪ್ಲಾಸ್ಟಿಕ್ ಎದ್ದ ಹಾಗೆ. 26 ಆನೆ ಮೇಲಿನಿಂದ ಉದುರಿದರೆ ನಮ್ಮಂಥವರು ಕುಸಿತ ಎನ್ನುತ್ತೇವೆ. ಓದಿಕೊಂಡವರು ಆನೆಗಳು ಪದರು ಬಿಟ್ಟವು ಎನ್ನುತ್ತಾರೆ.

ನ್ಯಾಯವಾಗಿ ಹೇಳಬೇಕೆಂದರೆ ಎಂಜಿನಿಯರಿಂಗಿನ ಮಟ್ಟಿಗೆ ಆ ಪದ ಸುಳ್ಳಲ್ಲ. ಗುಮ್ಮಟದ ಕಾಂಕ್ರೀಟಿನೊಳಗೆ ಉಕ್ಕಿನ ಕೇಬಲ್‌ಗಳನ್ನು ಬಾಗಿಸಿ ಹಾಯಿಸಿ ಎರಡೂ ತುದಿಯಿಂದ ಬಿಗಿಯುತ್ತಾರೆ. ಬಾಗಿಸಿದ ಹಗ್ಗವನ್ನು ಜಗ್ಗಿ ನೋಡಿ, ಅದು ನೆಟ್ಟಗಾಗಲು ಹವಣಿಸುತ್ತದೆ. ಗುಮ್ಮಟದಲ್ಲಿಯೂ ಹಾಗೆಯೇ, ಕೇಬಲ್ಲು ತನ್ನ ಕೆಳಗಿನ ಕಾಂಕ್ರೀಟನ್ನು ಒಳಮುಖವಾಗಿ ದಬ್ಬುತ್ತದೆ, ಮೇಲಿನ ಪದರವೂ ಕೆಳಗಿನ ಪದರವೂ ಬೇರೆಬೇರೆಯಾಗಲು ನೋಡುತ್ತವೆ. ಎರಡನ್ನೂ ಹೊಲಿದಂತೆ ಹಿಡಿಯುವ ಅಡ್ಡ ಸರಳು ಬೇಕು. ಸಾಕಷ್ಟು ಇರಲಿಲ್ಲ. ಆಮೇಲೆ ಹಾಕಿದರು, ಕಾಂಕ್ರೀಟನ್ನೂ ಬದಲಾಯಿಸಿ ಸಿಲಿಕಾ ಫ್ಯೂಮ್ ಬೆರೆಸಿದ ಎಂ-60 ದರ್ಜೆಯದನ್ನು ಸುರಿದರು. ಅದೇ ವಿನ್ಯಾಸ ರಾಜಸ್ಥಾನದ ರಾವತ್‌ಭಾಟಾದ 3 ಮತ್ತು 4ನೇ ಘಟಕಗಳಿಗೂ ಇತ್ತಾದ್ದರಿಂದ ಅಲ್ಲಿಯೂ ಕೆಲಸ ನಿಂತಿತು. ಒಟ್ಟಿನಲ್ಲಿ ಗುಮ್ಮಟದ ಸುರಕ್ಷತೆಯ ಬಗ್ಗೆ ನಡೆದ ಅತಿ ದೊಡ್ಡ ಪ್ರಯೋಗ ಅದು. ಪ್ರಯೋಗ ಎಂದು ಮೊದಲೇ ಯಾರಿಗೂ ಗೊತ್ತಿರಲಿಲ್ಲ, ಅಷ್ಟೇ.

ಇದರಿಂದ ಮನೆತನದಲ್ಲಿ ಒಂದು ಮುಜುಗರವೂ ಆಯಿತು. ಅಣ್ಣನ ತಲೆಯ ಮೇಲಿನದು ಬಿದ್ದು ರಿಪೇರಿಯಲ್ಲಿ ಕೂತಿದ್ದರಿಂದ ತಮ್ಮನ ಮದುವೆ ಮೊದಲು ಮಾಡಬೇಕಾಯಿತು. 2ನೇ ಘಟಕ 1999ರ ಸೆಪ್ಟೆಂಬರಿನಲ್ಲಿ ಚಾಲೂ ಆಯಿತು, 1ನೇ ಘಟಕ ಮರುವರ್ಷದ ಸೆಪ್ಟೆಂಬರಿನಲ್ಲಿ.

ಆ ಅಣ್ಣನ ಬಗ್ಗೆ ಇನ್ನೊಂದು ಮಾತು ಹೇಳದಿದ್ದರೆ ನನಗೆ ಅನ್ನ ಹುಟ್ಟುವುದಿಲ್ಲ. 2016ರಲ್ಲಿ ಓಡಲು ಶುರುಮಾಡಿದವನು 962 ದಿನ ಒಮ್ಮೆಯೂ ನಿಲ್ಲದೆ ಓಡಿ, 2018ರ ಡಿಸೆಂಬರ್ 31ಕ್ಕೆ ಜಾಗತಿಕ ದಾಖಲೆಯೊಂದಿಗೆ ನಿಂತ. ಇಂಗ್ಲೆಂಡಿನ ಹೇಶಮ್ ಸ್ಥಾವರದ 940 ದಿನ ಹಿಂದೆ ಬಿತ್ತು. ಓಟ ಶುರುವಾದ ದಿನ ಯಾವುದು ಗೊತ್ತೇ? ಮೇ 13. ಗುಮ್ಮಟ ಬಿದ್ದು ಸರಿಯಾಗಿ 22 ವರ್ಷ. ಒಳಗೆ ಕೈ ಮಸಿ ಮಾಡಿಕೊಳ್ಳುವವರು ಕೆಲಸ ಬಲ್ಲವರು, ಅದರಲ್ಲಿ ನನಗೆ ಅನುಮಾನವಿಲ್ಲ. ನನ್ನ ತಕರಾರು ಹೊರಗೆ ಬಂದು ಮೈಕು ಹಿಡಿಯುವವರ ಮೇಲೆ.

ಅವರ ಸಂಶೋಧನೆ ಕಾಂಕ್ರೀಟಿನಲ್ಲಿ ಅಲ್ಲ, ನಿಘಂಟಿನಲ್ಲಿ. 1993ರ ಮಾರ್ಚ್ 31ರಂದು ಉತ್ತರ ಪ್ರದೇಶದ ನರೋರಾದಲ್ಲಿ ಟರ್ಬೈನಿನ ಎರಡು ಅಲಗು ಮುರಿದವು, ಹೈಡ್ರೋಜನ್ ಸೋರಿ ಬೆಂಕಿ ಹತ್ತಿತು, ಕೇಬಲ್‌ಗಳು ಸುಟ್ಟವು, ಕಂಟ್ರೋಲ್ ರೂಮಿಗೆ ಹೊಗೆ ತುಂಬಿತು, ದೇಶಕ್ಕೆ ಕರೆಂಟು ಕೊಡುವ ಸ್ಥಾವರವೇ 17 ಗಂಟೆ ಕತ್ತಲಲ್ಲಿ ಕೂತಿತು. ಸಿಬ್ಬಂದಿ ಬ್ಯಾಟರಿ ಹಿಡಿದು ಮೆಟ್ಟಿಲು ಹತ್ತಿ ಕೈಯಿಂದ ಕವಾಟ ತಿರುಗಿಸಿ, ರಿಯಾಕ್ಟರ್ ಮತ್ತೆ ಹೊತ್ತಿಕೊಳ್ಳದಂತೆ ತಡೆಯುವ ಬೋರಾನ್ ದ್ರಾವಣ ಬಿಟ್ಟರು. ಅವರ ಧೈರ್ಯಕ್ಕೆ ಒಂದು ನಮಸ್ಕಾರ. ಆದರೆ ಅಂತರರಾಷ್ಟ್ರೀಯ ಅಳತೆಪಟ್ಟಿಯಲ್ಲಿ ಇದಕ್ಕೆ ಸಿಕ್ಕಿದ್ದು 3ನೇ ಮೆಟ್ಟಿಲು. 4ರಿಂದ ಮೇಲಕ್ಕೆ ಮಾತ್ರ 'ಅಪಘಾತ'. 3ರವರೆಗೆ ಬರೀ 'ಘಟನೆ'. ನರೋರಾದಲ್ಲಿ ಅಪಘಾತವಾಗಲಿಲ್ಲ, ಘಟನೆ ಘಟಿಸಿತು. ನಮ್ಮ ಊರಲ್ಲಿ ಮಗು ನಾಮಕರಣಕ್ಕೆ ಅತ್ತರೂ ಘಟನೆಯೇ.

ಮತ್ತೆ ಕೈಗಾಕ್ಕೆ ಬನ್ನಿ, 2009ರ ನವೆಂಬರ್. ಇದನ್ನು ನಿಧಾನವಾಗಿ ಹೇಳಬೇಕು, ಇಂಥ ಕಥೆ ಮತ್ತೆ ಸಿಗುವುದಿಲ್ಲ.

ರಿಯಾಕ್ಟರನ್ನು ತಣಿಸಲು ಭಾರಜಲ, ಅಂದರೆ ಭಾರವಾದ ಹೈಡ್ರೋಜನ್ನಿನ ನೀರು, ಬಳಸುವ ಸ್ಥಾವರದಲ್ಲಿ ಕೆಲಸ ಮಾಡುವವರ ಮೂತ್ರವನ್ನು ಆಗಾಗ ಪರೀಕ್ಷೆ ಮಾಡುತ್ತಾರೆ. ರಿಯಾಕ್ಟರಿನಲ್ಲಿ ಓಡಾಡಿದ ಭಾರಜಲದಲ್ಲಿ ಟ್ರಿಟಿಯಂ ಎಂಬ ವಿಕಿರಣ ಸೂಸುವ ಹೈಡ್ರೋಜನ್ ಹುಟ್ಟಿಕೊಳ್ಳುತ್ತದೆ. ಅದು ಮೈಯೊಳಗೆ ನೀರಿನ ವೇಷದಲ್ಲೇ ಸುತ್ತಾಡುವುದರಿಂದ ನೀರಿನ ದಾರಿಯಲ್ಲೇ ಹೊರಬರುತ್ತದೆ. ಆ ತಿಂಗಳು 50ಕ್ಕೂ ಹೆಚ್ಚು ಜನರ ಬಾಟಲಿಯಲ್ಲಿ ಟ್ರಿಟಿಯಂ ಇರಬೇಕಾದ್ದಕ್ಕಿಂತ ಹೆಚ್ಚು ಕಂಡಿತು. ಸೋರಿಕೆ ಎಲ್ಲಿ ಎಂದು ಹುಡುಕಿದರು. ರಿಯಾಕ್ಟರ್ ಸರಿಯಾಗಿತ್ತು. ಪಂಪು, ಕೊಳವೆ, ಕವಾಟ ಎಲ್ಲ ಸರಿಯಾಗಿದ್ದವು. ಕೊನೆಗೆ ಸಿಕ್ಕಿದ್ದು ಕುಡಿಯುವ ನೀರಿನ ಕೂಲರು. ರೈಲ್ವೆ ಸ್ಟೇಷನ್ನಿನಲ್ಲಿ, ತಾಲೂಕು ಆಫೀಸಿನಲ್ಲಿ ಗೋಡೆಗೆ ಆತು ನಿಂತಿರುತ್ತದಲ್ಲ, ಎರಡು ನಲ್ಲಿಯ ಉಕ್ಕಿನ ಪೆಟ್ಟಿಗೆ, ಅದೇ. ಯಾರೋ ಪುಣ್ಯಾತ್ಮರು ಅದಕ್ಕೆ ಟ್ರಿಟಿಯಂ ಕೂಡಿದ ಭಾರಜಲ ಬೆರೆಸಿದ್ದರು.

ಕೂಲರಿಗೆ ಬೀಗವಿರಲಿಲ್ಲವೇ ಎಂದು ಕೇಳಬೇಡಿ. ಇತ್ತು. ಮುಚ್ಚಳಕ್ಕೆ ಭದ್ರವಾಗಿ ಬೀಗ ಹಾಕಿತ್ತು. ಹೆಚ್ಚಾದ ನೀರು ಹೊರಹೋಗಲೆಂದು ಇಟ್ಟ ಕೊಳವೆಯಿಂದ ಒಳಗೆ ಹೊಯ್ದಿದ್ದರು. ಮುಂಬಾಗಿಲಿಗೆ ಅಗುಳಿ ಜಡಿದು, ಹಿತ್ತಿಲ ಬಾಗಿಲು ಇರುವುದು ಹೊರಹೋಗಲು ಮಾತ್ರ ಎಂದು ಕಳ್ಳನಿಗೂ ಗೊತ್ತಿರುತ್ತದೆ ಎಂದು ನಂಬಿದ ಮನೆಯ ಹಾಗೆ.

ಗುಳಿಗೆ, ಕೊಳವೆ, ಒಳಗುಮ್ಮಟ, ಹೊರಗುಮ್ಮಟ, ಅದರಾಚೆ ಜನವಸತಿ ನಿಷೇಧದ ವಲಯ, ಬೇಲಿ, ಬಂದೂಕು ಹಿಡಿದ ಸಿಐಎಸ್ಎಫ್. ಇಷ್ಟೆಲ್ಲ ಕೋಟೆ ಇದ್ದದ್ದು ಒಳಗಿನದು ಹೊರಗೆ ಹೋಗದಿರಲಿ, ಹೊರಗಿನವರು ಒಳಗೆ ಬಾರದಿರಲಿ ಎಂದು. ಒಳಗಿನವರೇ ಒಳಗಿನದನ್ನು ಒಳಗಿನವರಿಗೆ ಕುಡಿಸಿದರೆ ಏನು ಮಾಡಬೇಕು ಎಂಬ ಪುಟ ಕೈಪಿಡಿಯಲ್ಲಿ ಇದ್ದಂತಿಲ್ಲ. ಅಣುಶಕ್ತಿ ಆಯೋಗದ ಅಧ್ಯಕ್ಷರಾಗಿದ್ದ ಅನಿಲ್ ಕಾಕೋಡ್ಕರ್ ಇದು ಬೇಕೆಂದೇ ಮಾಡಿದ ಕಿಡಿಗೇಡಿತನ ಎಂದರು. ಸ್ಥಾವರದಿಂದ ಸೋರಿಕೆ ಇಲ್ಲ ಎಂಬ ಸಮಾಧಾನದ ಮಾತೂ ಬಂತು. ಸತ್ಯವೇ. ಸ್ಥಾವರ ಸೋರಲಿಲ್ಲ, ಸಿಬ್ಬಂದಿ ಸೋರಿದರು. ದೇಶದ ಅಷ್ಟೂ ಭದ್ರತೆಯ ನಡುವೆ ಈ ಪತ್ತೇದಾರಿ ಕೆಲಸ ಮಾಡಿದ್ದು ಮಾತ್ರ ಒಂದು ಮೂತ್ರದ ಬಾಟಲಿ. ಅದಕ್ಕೊಂದು ರಾಜ್ಯೋತ್ಸವ ಪ್ರಶಸ್ತಿ ಬರಬೇಕಿತ್ತು.

2011ರ ಮಾರ್ಚಿನಲ್ಲಂತೂ ನಮ್ಮ ನಿಘಂಟು ರಫ್ತಾಯಿತು. ಫುಕುಶಿಮಾದಲ್ಲಿ ಸುನಾಮಿ ಬಂದು ರಿಯಾಕ್ಟರ್ ಕಟ್ಟಡಗಳ ತಲೆ ಹಾರುವುದನ್ನು ಜಗತ್ತು ಟಿವಿಯಲ್ಲಿ ನೋಡುತ್ತಿತ್ತು. ಮುಂಬೈಯಲ್ಲಿ ಅಣುಶಕ್ತಿ ಆಯೋಗದ ಆಗಿನ ಅಧ್ಯಕ್ಷ ಶ್ರೀಕುಮಾರ್ ಬ್ಯಾನರ್ಜಿ ಅದು ಬರೀ ರಾಸಾಯನಿಕ ಕ್ರಿಯೆ, ಅಣು ತುರ್ತುಸ್ಥಿತಿ ಅಲ್ಲ ಎಂದರು. ಅಣುವಿದ್ಯುತ್ ನಿಗಮದ ಆಗಿನ ಮುಖ್ಯಸ್ಥ ಎಸ್.ಕೆ. ಜೈನ್ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಅಲ್ಲಿ ಅಪಘಾತವೂ ಇಲ್ಲ, ಘಟನೆಯೂ ಇಲ್ಲ, ಅದು ಚೆನ್ನಾಗಿ ಯೋಜಿಸಿದ ತುರ್ತು ಸನ್ನದ್ಧತೆಯ ಕಾರ್ಯಕ್ರಮ ಎಂಬರ್ಥದ ಮಾತಾಡಿದರು. ಜಪಾನಿನವರಿಗೆ ತಾವು ಕಾರ್ಯಕ್ರಮ ಮಾಡುತ್ತಿದ್ದೇವೆ ಎಂದು ಗೊತ್ತಿರಲಿಲ್ಲ. ಪಾಪ, ಅವರು ಅದನ್ನು 7ನೇ ಮೆಟ್ಟಿಲಿಗೆ ಹತ್ತಿಸಿಬಿಟ್ಟರು. ಅದರ ಮೇಲೆ ಮೆಟ್ಟಿಲಿಲ್ಲ.

ಇಂಥ ಮಾತುಗಳನ್ನು ಕೇಳಿ 'ಸ್ವಾಮೀ, ಇದೇನಿದು' ಎನ್ನಬೇಕಾದ ಸಂಸ್ಥೆಯೊಂದು ನಮ್ಮಲ್ಲಿದೆ. ಅಣುಶಕ್ತಿ ನಿಯಂತ್ರಣ ಮಂಡಳಿ. 1983ರ ನವೆಂಬರಿನಲ್ಲಿ ಹುಟ್ಟಿದ್ದು. ಹುಟ್ಟಿದ್ದು ಕಾಯ್ದೆಯ ಹೊಟ್ಟೆಯಿಂದ ಅಲ್ಲ, ಒಂದು ಸರ್ಕಾರಿ ಆದೇಶದಿಂದ. ಅದು ವರದಿ ಒಪ್ಪಿಸುತ್ತಿದ್ದದ್ದು ಅಣುಶಕ್ತಿ ಆಯೋಗಕ್ಕೆ. ಆಯೋಗದ ಅಧ್ಯಕ್ಷರೇ ಅಣುಶಕ್ತಿ ಇಲಾಖೆಯ ಕಾರ್ಯದರ್ಶಿ. ಆ ಇಲಾಖೆಯ ಅಡಿಯಲ್ಲೇ ಸ್ಥಾವರ ನಡೆಸುವ ನಿಗಮ. ದೇವಸ್ಥಾನದ ಹುಂಡಿ ಲೆಕ್ಕ ನೋಡಲು ಮೊಕ್ತೇಸರರ ಮನೆಯ ಅಡಿಗೆಯವನನ್ನು ನೇಮಿಸಿ, ವರದಿಯನ್ನು ಮೊಕ್ತೇಸರರ ಕೈಗೇ ಕೊಡು ಎಂದ ಹಾಗೆ. ಕೈಗಾ ಗುಮ್ಮಟ ಬಿದ್ದಾಗ ಮಂಡಳಿಯ ಅಧ್ಯಕ್ಷರಾಗಿದ್ದ ಎ. ಗೋಪಾಲಕೃಷ್ಣನ್ ಕುರ್ಚಿ ಬಿಟ್ಟ ಮೇಲೆ ಇದನ್ನೇ ವರ್ಷಗಟ್ಟಲೆ ಬರೆದರು, ಹೇಳಿದರು: ಸುರಕ್ಷತಾ ಸಮಿತಿಗಳಲ್ಲಿ ಕೂರುವವರಿಗೆ ಸಂಬಳ ಕೊಡುವುದೂ ಅದೇ ಇಲಾಖೆ.

2012ರಲ್ಲಿ ಮಹಾಲೇಖಪಾಲರು ಬಂದು ಕಡತ ತೆಗೆದು ನೋಡಿದರು. ದೇಶಕ್ಕೊಂದು ವಿಕಿರಣ ಸುರಕ್ಷತಾ ನೀತಿ ಬರೆಯಿರಿ ಎಂದು ಮಂಡಳಿಗೆ 1983ರಲ್ಲೇ ಹೇಳಿತ್ತು, ಬರೆದಿರಲಿಲ್ಲ. 29 ವರ್ಷ. ಪೆನ್ನಿನಲ್ಲಿ ಭಾರಜಲ ತುಂಬಿತ್ತೋ ಏನೋ. ಮರುವರ್ಷ ಸಂಸತ್ತಿನ ಲೆಕ್ಕಪತ್ರ ಸಮಿತಿಯ ಕಣ್ಣಿಗೂ ಒಂದು ಅಂಕಿ ಬಿತ್ತು: ನಿಯಮ ಮೀರಿದವರಿಗೆ ಇದ್ದ ದಂಡ 500 ರೂಪಾಯಿ.

ಬೆಂಗಳೂರಿನಲ್ಲಿ ಹೆಲ್ಮೆಟ್ ಇಲ್ಲದೆ ಸ್ಕೂಟರ್ ಓಡಿಸಿದರೂ 500 ರೂಪಾಯಿಯೇ. ನನಗೆ ಇದರಲ್ಲಿ ತರ್ಕ ಕಾಣುತ್ತದೆ. ಗುಮ್ಮಟ ಎಂದರೇನು, ರಿಯಾಕ್ಟರಿನ ಹೆಲ್ಮೆಟ್ ತಾನೆ? ವ್ಯತ್ಯಾಸ ಇಷ್ಟೇ, ಸ್ಕೂಟರಿನವನಿಗೆ ಸಿಗ್ನಲ್ಲಿನ ಕ್ಯಾಮೆರಾ ಫೋಟೋ ಹೊಡೆದು ಮನೆಗೆ ಕಳಿಸುತ್ತದೆ. ಅವನು "ಹೆಲ್ಮೆಟ್ ಹಾಕಿಕೊಂಡೇ ಇದ್ದೆ ಸಾರ್, ತಲೆಯಿಂದ ಪದರು ಬಿಟ್ಟಿತು" ಎಂದರೆ ನಮ್ಮ ಪೊಲೀಸರು ಕೇಳುವುದಿಲ್ಲ.

ಮಂಡಳಿಗೆ ಸ್ವಂತ ಬೆನ್ನೆಲುಬು ಕೊಡುವ ಮಸೂದೆಯೊಂದು 2011ರಲ್ಲಿ ಸಂಸತ್ತಿಗೆ ಬಂತು. ಲೋಕಸಭೆಯ ಅವಧಿ ಮುಗಿದು 2014ರಲ್ಲಿ ಅದೂ ಮುಗಿಯಿತು. ಕೊನೆಗೆ 2025ರ ಡಿಸೆಂಬರಿನಲ್ಲಿ ಹೊಸ ಕಾಯ್ದೆಯೇ ಆಯಿತು. ಹೆಸರು 'ಶಾಂತಿ'. ನಮ್ಮಲ್ಲಿ ಶಾಂತಿ ಮಾಡಿಸುವುದು ಯಾವಾಗ ಎಂದು ಹೇಳಬೇಕಾಗಿಲ್ಲ. ಗ್ರಹ ಕೆಟ್ಟಾಗ, ಹಲ್ಲಿ ಮೈಮೇಲೆ ಬಿದ್ದಾಗ. ಗುಮ್ಮಟ ಬಿದ್ದದ್ದಕ್ಕೆ 31 ವರ್ಷ ತಡವಾಗಿ ಆದರೂ ಮಾಡಿಸಿದರಲ್ಲ. ಮಂಡಳಿಗೆ ಕಾಯ್ದೆಯ ಆಸರೆ ಸಿಕ್ಕಿತು, ಒಳ್ಳೆಯದೇ ಆಯಿತು. ಅದೇ ಬಾಗಿಲಿನಿಂದ ಖಾಸಗಿಯವರಿಗೂ ಅಣುಸ್ಥಾವರಕ್ಕೆ ಕಾಲಿಡಲು ಅನುಮತಿ ಸಿಕ್ಕಿತು. ಇನ್ನೊಂದು ಸಣ್ಣ ವಿಷಯ. ಯಂತ್ರ ಕೊಟ್ಟವನ ಮಾಲು ಕಳಪೆಯಾಗಿ ಅನಾಹುತವಾದರೆ ಸ್ಥಾವರದವರು ಅವನಿಂದ ವಸೂಲಿ ಮಾಡಬಹುದು ಎಂಬ ಕಲಮು 2010ರ ಹೊಣೆಗಾರಿಕೆ ಕಾಯ್ದೆಯಲ್ಲಿತ್ತು. ಹೊಸದರಲ್ಲಿ ಅದನ್ನು ಬೀಳಿಸಿದ್ದಾರೆ. ಕ್ಷಮಿಸಿ. ಬೀಳಿಸಿದ್ದಲ್ಲ, ಪದರು ಬಿಟ್ಟದ್ದು. ಕಟ್ಟಿದವನದಲ್ಲ, ಕೊಟ್ಟವನದಲ್ಲ, ಸಿಮೆಂಟಿನ ಗುಣ.

ನಮ್ಮ ಮೇಸ್ತ್ರಿ ಮೊನ್ನೆ ಮತ್ತೆ ಬಂದಿದ್ದ. ಕಾಳಿ ದಂಡೆಯಲ್ಲಿ ಇನ್ನೂ ಎರಡು ಘಟಕ ಏಳಲಿವೆ, ತಲಾ 700 ಮೆಗಾವಾಟಿನವು, 5 ಮತ್ತು 6 ಎಂದು ಹೇಳಿದೆ. ಅವನಿಗೆ ಅದರಲ್ಲಿ ಆಸಕ್ತಿ ಕಾಣಲಿಲ್ಲ. ಬಚ್ಚಲಿನ ಸ್ಲ್ಯಾಬನ್ನು ಒಡೆದು ಕಟ್ಟುವುದು ದಂಡ, ಕೆಳಗೊಂದು ಫಾಲ್ಸ್ ಸೀಲಿಂಗ್ ಹೊಡೆದರೆ ಬಿರುಕು ಕಣ್ಣಿಗೇ ಬೀಳುವುದಿಲ್ಲ ಎಂದ.

"ಅದರ ಮೇಲೆ ಬಿದ್ದರೆ?" ಅಂದಳು ನನ್ನ ಹೆಂಡತಿ.

"ಬೀಳುದಿಲ್ಲ ಅಕ್ಕ. ಬೇಕಾದ್ರೆ ವರ್ಷಕ್ಕೊಂದು ಸಲ ಚೆಕ್ ಮಾಡಿಸ್ವಾ."

"ಯಾರ ಹತ್ರ?"

"ನನ್ನ ತಮ್ಮ ಇದ್ದನಲ್ಲ."