ಆಗಸ್ಟ್ 15 ವ್ಯಾಪಾರದ ದಿನ ಆಗಿದೆ. ಆಗಲಿ ಬಿಡಿ ಅನ್ನೋಣವಾ?

ಪರ: ನಾಲ್ಕು ಕಾಸು ಬಂದರೆ ಯಾರಿಗೇನು ನಷ್ಟ?

ಚಿಕ್ಕಮಗಳೂರಿನಿಂದ ಮುಳ್ಳಯ್ಯನಗಿರಿಗೆ ಹೋಗುವ ದಾರಿಯಲ್ಲಿ ನಮ್ಮದೊಂದು ಹೋಂಸ್ಟೇ ಇದೆ. ನಾಲ್ಕೇ ರೂಮು. ಆಗಸ್ಟ್ ಅಂದರೆ ಇಲ್ಲಿ ಬಿಡದ ಮಳೆ, ಕಾಫಿ ಕುಯ್ಲಿಗೆ ಇನ್ನೂ ಮೂರು ತಿಂಗಳು, ಕೈ ಖಾಲಿ. 2025ರಲ್ಲಿ ಆಗಸ್ಟ್ 15 ಶುಕ್ರವಾರ ಬಿತ್ತು ನೋಡಿ, ಮೂರು ದಿನವೂ ರೂಮು ಫುಲ್. ರೇಟು ಜಾಸ್ತಿ ಮಾಡಿದೆ, ಹೌದು. ಸೋರುತ್ತಿದ್ದ ಅಡುಗೆಮನೆಗೆ ಹೊಸ ಹಂಚು ಬಂದಿದ್ದು ಆ ದುಡ್ಡಲ್ಲೇ.

ಪವಿತ್ರ ದಿನ ಅನ್ನುವವರಿಗೆ ಒಂದು ಮಾತು. ಆ ತಾರೀಖು ಇಟ್ಟವರು ನಾವಲ್ಲ, ಮೌಂಟ್‌ಬ್ಯಾಟನ್. ಜಪಾನ್ ಶರಣಾಗಿ ಅವತ್ತಿಗೆ ಎರಡು ವರ್ಷ ತುಂಬುತ್ತಿತ್ತು, ಅದು ಅವರ ಖುಷಿ. ಕಾಂಗ್ರೆಸ್ಸಿನವರು 1930ರಿಂದ ಸ್ವಾತಂತ್ರ್ಯ ದಿನ ಅಂತ ಆಚರಿಸುತ್ತಿದ್ದದ್ದು ಜನವರಿ 26. ಆ ನೆನಪು ಉಳಿಯಲಿ ಅಂತಲೇ 1950ರಲ್ಲಿ ಸಂವಿಧಾನ ಅದೇ ದಿನ ಜಾರಿಗೆ ಬಂತು. ನಮ್ಮ ಕಥೆ ಇನ್ನೂ ಬೇರೆ. ಹಾಸನ, ಚಿಕ್ಕಮಗಳೂರು ಎರಡೂ ಮೈಸೂರು ಸಂಸ್ಥಾನದಲ್ಲಿದ್ದವು. 1947ರ ಆಗಸ್ಟ್ ಕಳೆದ ಮೇಲೂ ಜನ 'ಮೈಸೂರು ಚಲೋ' ಅಂತ ಹೋರಾಡಿ, ಅಕ್ಟೋಬರ್‌ನಲ್ಲಿ ಜನರ ಸರ್ಕಾರ ಪಡೆದರು. ತಾರೀಖೇ ಇಷ್ಟು ಅತ್ತಿತ್ತ ಓಡಾಡಿರುವಾಗ, ನಾನು ರೂಮು ಬಾಡಿಗೆಗೆ ಕೊಟ್ಟರೆ ಮೈಲಿಗೆ ಆಗುತ್ತಾ?

ಅವತ್ತು ಬೆಂಗಳೂರಿನಿಂದ ಬಂದಿದ್ದ ಟೆಕ್ಕಿಯೊಬ್ಬರು ಮಕ್ಕಳನ್ನು ಕಟ್ಟಿಕೊಂಡು, ಬರ್ಮುಡಾದಲ್ಲೇ, ಕೊಡೆ ಹಿಡಿದು ನಮ್ಮೂರ ಸ್ಕೂಲಿನ ಬಾವುಟ ಹಾರಿಸೋದಕ್ಕೆ ಬಂದರು. ಮೇಷ್ಟ್ರು ಗುರಾಯಿಸಿದರು. ಜನಗಣಮನ ಶುರುವಾದಾಗ ಆಸಾಮಿ ಕೊಡೆ ಮಡಚಿ, ನೆನೆಯುತ್ತಾ ನೆಟ್ಟಗೆ ನಿಂತರು. ಆಮೇಲೆ ಮೇಷ್ಟ್ರೇ ಕರೆದು ಲಾಡು ಕೊಟ್ಟರು. ಲಾಂಗ್ ವೀಕೆಂಡ್ ಇಲ್ಲದಿದ್ದರೆ ಅವರು ಮನೆಯಲ್ಲಿ ಮಲಗಿರುತ್ತಿದ್ದರು, ಅಲ್ವಾ?

ವಿರೋಧ: ಎಲ್ಲದಕ್ಕೂ ಆಫರ್ ಬೇಕಾ?

ವಿರೋಧ ಬರೀರಿ ಅಂದರು, ಬರೆಯುತ್ತಿದ್ದೇನೆ. ನಮ್ಮನೆ ಮಿಕ್ಸಿ ಬಂದಿದ್ದು ಆಗಸ್ಟ್ 15ರ ಆಫರ್‌ನಲ್ಲೇ, ಮುಚ್ಚಿಡಲ್ಲ.

ತಾರೀಖು ಯಾರಿಟ್ಟರು ಅನ್ನೋದು ಇರಲಿ, ಅದು ಬೇರೆ ಚರ್ಚೆ. ಹೋಂಸ್ಟೇ ಮಾಡಿದವರಿಗೆ ಎಲ್ಲ ದಿನವೂ ಬುಕಿಂಗ್ ಥರಾನೇ ಕಾಣುತ್ತೆ. ಹೀಗೇ ಬಿಟ್ಟರೆ ಗಾಂಧಿ ಜಯಂತಿಗೆ ಬಿರಿಯಾನಿ ಆಫರ್ ಬರುತ್ತೆ, ನೋಡ್ತಾ ಇರಿ.

ನನಗೆ ಬೇಜಾರಾಗೋದು ಬಾವುಟದ ವಿಷಯಕ್ಕೆ. ಹುಬ್ಬಳ್ಳಿಯ ಬೆಂಗೇರಿಯಲ್ಲಿ ಹೆಂಗಸರು ಅಳತೆ ತಪ್ಪದಂತೆ ಖಾದಿ ಬಾವುಟ ಹೊಲಿಯುತ್ತಾರೆ. 2021ರ ಡಿಸೆಂಬರ್ 30ರಂದು ಧ್ವಜ ಸಂಹಿತೆ ತಿದ್ದಿ, ಮಿಷನ್‌ನಲ್ಲಿ ಮಾಡಿದ ಬಾವುಟಕ್ಕೂ ಪಾಲಿಯೆಸ್ಟರ್‌ಗೂ ಒಪ್ಪಿಗೆ ಕೊಟ್ಟರು. ಅಗ್ಗದ ಮಾಲು ಎದುರಿಗೆ ಬಂದರೆ ಕೈಮಗ್ಗ ಎಷ್ಟು ದಿನ ತಡೆದೀತು?

ಹೋದ ವರ್ಷ ಹಾಸನದ ಎನ್.ಆರ್. ಸರ್ಕಲ್ ಹತ್ತಿರ ಒಬ್ಬಳು ಹುಡುಗಿ ಹತ್ತು ರೂಪಾಯಿಗೆ ಬಾವುಟ ಮಾರುತ್ತಿದ್ದಳು. "ಖಾದಿದು ಇದೆಯೇನಮ್ಮಾ?" ಅಂದೆ. ನಕ್ಕಳು. ಮಳೆ ಬೇರೆ ಜೋರಾಗುತ್ತಿತ್ತು. ಎರಡು ತಗೊಂಡು ಬಂದೆ.